ಟಾಟಾ ಇನ್‌ಸ್ಟಿಟ್ಯೂಟಿನ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್

ಸ್ಮರಣ ಸಂಚಿಕೆಯೆಂದರೆ ಅದರಲ್ಲಿ ನಾಡಿಗೆ ದುಡಿದ ಹಿರಿಯರೊಬ್ಬರ ಜೀವನ ಚಿತ್ರ ಇರಬೇಕೆಂಬುದು ನಮ್ಮ ಸಂಘಗಳಲ್ಲಿ ನಡೆದುಬಂದಿರುವ ವಾಡಿಕೆ. ವಿಶ್ವೇಶ್ವರಯ್ಯನವರನ್ನು ಎಷ್ಟು ಸಲ ನೆನೆದರೂ ನಮಗೆ ತೃಪ್ತಿಯಿಲ್ಲ. ಹೊರದೇಶದಿಂದ ಬಂದು ಕನ್ನಡಕ್ಕಾಗಿ ಬಾಳು ಸವೆಸಿದ ಕಿಟ್ಟೆಲ್ ಅವರನ್ನೂ ನಾವು ಮರೆತಿಲ್ಲ. ಆದರೆ ಹಾಗೆಯೇ ಹೊರದೇಶದಿಂದ ಬಂದು, ಬೆಂಗಳೂರಿನ ಬಯಲಿನಲ್ಲಿ ಒಂದು ದೊಡ್ಡ ವಿದ್ಯಾಸಂಸ್ಥೆಯನ್ನು ಕಟ್ಟಿ ನಿಲ್ಲಿಸಿ, ಕೊನೆಗೆ ಮನಸ್ತಾಪದಿಂದ ಹೊರಟುಹೋದ ಒಬ್ಬರ ಹೆಸರು ನಮ್ಮ ಮನೆಗಳಲ್ಲಿ ಕೇಳಿಬರುವುದಿಲ್ಲ. ರಸಾಯನಶಾಸ್ತ್ರದ ಜಗತ್ತಿನಲ್ಲಿ ಮಾತ್ರ ಅವರ ಹೆಸರು ಅಳಿಸಲಾರದ್ದು. ಮಲ್ಲೇಶ್ವರದ ಆಚೆಗೆ ಬಸ್ ಕಂಡಕ್ಟರುಗಳು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕೂಗುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ನಿರ್ದೇಶಕರು ಅವರು. ಹೆಸರು ಮಾರಿಸ್ ವಿಲಿಯಂ ಟ್ರಾವರ್ಸ್.

ಹೈರಿಡ್ಜ್‌ನ ನಮ್ಮ ಮನೆಗಳಲ್ಲಿ ರಸಾಯನಶಾಸ್ತ್ರ ಓದುವ ಮಕ್ಕಳಿದ್ದರೆ ಅವರ ಪುಸ್ತಕದ ಆವರ್ತ ಕೋಷ್ಟಕವನ್ನು ಒಮ್ಮೆ ತೆರೆದು ನೋಡಬೇಕು. ಬಲತುದಿಯಲ್ಲಿ ಮೇಲಿನಿಂದ ಕೆಳಕ್ಕೆ ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ರೇಡಾನ್ ಎಂದು ಇಳಿದು ಬರುವ ಒಂದು ಸಾಲಿದೆ. ನಾವು ಓದುವಾಗ ಅದಕ್ಕೆ ಸೊನ್ನೆ ಗುಂಪು ಎಂಬ ಹೆಸರಿತ್ತು. ಈಗ ಹದಿನೆಂಟನೆಯ ಗುಂಪು ಎನ್ನುತ್ತಾರೆ. ಆ ಸಾಲಿನ ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನು ಮೊದಲು ಕಂಡ ನಾಲ್ಕು ಕಣ್ಣುಗಳಲ್ಲಿ ಎರಡು ಟ್ರಾವರ್ಸ್ ಅವರವು. ಇನ್ನೆರಡು ಅವರ ಗುರು ಸರ್ ವಿಲಿಯಂ ರಾಮ್ಸೆ ಅವರವು.

ಟ್ರಾವರ್ಸ್ ಹುಟ್ಟಿದ್ದು 1872ರ ಜನವರಿ 24ರಂದು, ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ. ತಂದೆ ವೈದ್ಯರು. ಟಿವರ್ಟನ್ನಿನ ಬ್ಲಂಡೆಲ್ಸ್ ಶಾಲೆಯಲ್ಲಿ ಓದಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪದವಿ ಪಡೆದು, ಫ್ರಾನ್ಸಿನ ನಾನ್ಸಿ ನಗರದಲ್ಲಿ ಸ್ವಲ್ಪ ಕಾಲ ಇದ್ದು, 1894ರಲ್ಲಿ ಅದೇ ಕಾಲೇಜಿಗೆ ಪ್ರಯೋಗಪಾಠ ಹೇಳಿಕೊಡುವ ಅಧ್ಯಾಪಕರಾಗಿ ಮರಳಿದರು. ಕಾಲ ಕೂಡಿಬಂದಿತ್ತು ಎನ್ನಬೇಕು. ಅದೇ ವರ್ಷ ರಾಮ್ಸೆ ಅವರೂ ಲಾರ್ಡ್ ರೇಲೀ ಅವರೂ ಕೂಡಿ ಗಾಳಿಯಲ್ಲಿ ಆರ್ಗಾನ್ ಎಂಬ ಹೊಸ ಅನಿಲವಿರುವುದನ್ನು ಸಾರಿದ್ದರು. ಮರುವರ್ಷ ರಾಮ್ಸೆ ಅವರಿಗೆ ಯುರೇನಿಯಂ ಇರುವ ಖನಿಜವೊಂದರಲ್ಲಿ ಹೀಲಿಯಂ ಸಿಕ್ಕಿತು. ಇವೆರಡರ ನಡುವೆ ಕೋಷ್ಟಕದಲ್ಲಿ ಒಂದು ಖಾಲಿ ಮನೆ ಕಾಣುತ್ತಿತ್ತು. ಅದರ ನಿವಾಸಿಯನ್ನು ಹುಡುಕಲು ಗುರು ಶಿಷ್ಯರಿಬ್ಬರೂ ಕಲ್ಲುಗಳನ್ನು ಕಾಯಿಸಿದರು, ಆಕಾಶದಿಂದ ಬಿದ್ದ ಉಲ್ಕೆಗಳನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ.

ಕೊನೆಗೆ ಕೈಗೆ ಬಂದದ್ದು ದ್ರವರೂಪದ ಗಾಳಿ. ಹ್ಯಾಂಪ್ಸನ್ ಎಂಬವರು ಗಾಳಿಯನ್ನು ಸುಮಾರು ಸೊನ್ನೆಗಿಂತ 190 ಡಿಗ್ರಿ ಕೆಳಗೆ ತಣಿಸಿ ನೀರಿನಂತೆ ಮಾಡುವ ಯಂತ್ರ ಕಟ್ಟಿದ್ದರು. 1898ರ ಮೇ ತಿಂಗಳ ಕೊನೆಯಲ್ಲಿ ಅವರಿಂದ ಬಂದ ಸುಮಾರು 750 ಘನ ಸೆಂಟಿಮೀಟರ್ ದ್ರವವನ್ನು ನಿಧಾನವಾಗಿ ಆವಿಯಾಗಲು ಬಿಟ್ಟು, ತಳದಲ್ಲಿ ಉಳಿದ ಹತ್ತು ಘನ ಸೆಂಟಿಮೀಟರನ್ನು ಹಿಡಿದಿಟ್ಟರು. ಅದರಿಂದ ಆಮ್ಲಜನಕ, ಸಾರಜನಕಗಳನ್ನು ತೆಗೆದುಹಾಕಿದಾಗ ದಕ್ಕಿದ್ದು 26 ಘನ ಸೆಂಟಿಮೀಟರ್ ಅನಿಲ, ಒಂದೆರಡು ಚಮಚೆಯಲ್ಲಿ ಹಿಡಿಯುವಷ್ಟು. ಅದನ್ನು ಗಾಜಿನ ನಳಿಗೆಗೆ ತುಂಬಿ ವಿದ್ಯುತ್ ಹಾಯಿಸಿ ರೋಹಿತದರ್ಶಕದಲ್ಲಿ ನೋಡಿದರೆ, ಯಾವ ಧಾತುವಿಗೂ ಸೇರದ ಒಂದು ಹಳದಿ ಗೆರೆ, ಒಂದು ಹಸಿರು ಗೆರೆ! ಅಡಗಿ ಕುಳಿತಿದ್ದುದು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಕ್ರಿಪ್ಟಾನ್ ಎಂದು ಹೆಸರಿಟ್ಟರು. ಮರುದಿನ ಟ್ರಾವರ್ಸ್ ಅವರಿಗೆ ಡಾಕ್ಟರ್ ಪದವಿಯ ಪರೀಕ್ಷೆ ಇತ್ತೆಂದೂ, ಈ ಸಡಗರದಲ್ಲಿ ಅದು ಮರೆತೇಹೋಗುವುದರಲ್ಲಿತ್ತೆಂದೂ ಹೇಳುತ್ತಾರೆ. ಆಗ ಅವರ ವಯಸ್ಸು 26.

ಇನ್ನೆರಡಕ್ಕೆ ಆರೇಳು ವಾರವೂ ಹಿಡಿಯಲಿಲ್ಲ. ಜೂನ್ ತಿಂಗಳಲ್ಲಿ ಆರ್ಗಾನ್‌ನ ಹಗುರವಾದ ಭಾಗದಿಂದ ಕಡುಗೆಂಪು ಬೆಳಕು ಚೆಲ್ಲುವ ಅನಿಲವೊಂದು ಬಂತು. ರಾಮ್ಸೆ ಅವರ ಹದಿಮೂರು ವರ್ಷದ ಮಗ ಹೊಸದು ಎಂಬರ್ಥದ ಲ್ಯಾಟಿನ್ ಹೆಸರೊಂದನ್ನು ಸೂಚಿಸಿದನಂತೆ. ತಂದೆ ಅದನ್ನೇ ಗ್ರೀಕಿಗೆ ತಿರುಗಿಸಿ ನಿಯಾನ್ ಎಂದರು. ಜುಲೈನಲ್ಲಿ ಕ್ರಿಪ್ಟಾನ್‌ನ ತಳದಲ್ಲಿ ಉಳಿದ ಭಾರವಾದ ಗುಳ್ಳೆಯೊಂದು ನೀಲಿ ಬೆಳಕು ಕೊಟ್ಟಿತು. ಅದಕ್ಕಿಟ್ಟ ಹೆಸರು ಕ್ಸೆನಾನ್, ಅಂದರೆ ಪರಸ್ಥಳದವನು, ಗುರುತಿಲ್ಲದವನು. ಮೂವತ್ತು ನಲವತ್ತು ವರ್ಷ ಪರದೇಶದಲ್ಲಿ ಬಾಳಿದ ನಮ್ಮಂಥವರಿಗೆ ಈ ಹೆಸರಿನ ಮೇಲೆ ಒಂದಿಷ್ಟು ಹೆಚ್ಚಿನ ಮಮತೆ ಹುಟ್ಟಿದರೆ ತಪ್ಪಲ್ಲ.

ಈ ಅನಿಲಗಳು ಎಷ್ಟು ವಿರಳವೆಂಬುದಕ್ಕೆ ನಾವೇ ಒಂದು ಲೆಕ್ಕ ಹಾಕಿ ನೋಡಿದೆವು. ನಮ್ಮ ಯುಗಾದಿ, ರಾಜ್ಯೋತ್ಸವಗಳು ನಡೆಯುವಂಥ ಒಂದು ಸಭಾಂಗಣ ಇಪ್ಪತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಐದು ಮೀಟರ್ ಎತ್ತರ ಇದೆಯೆನ್ನಿ. ಅದರೊಳಗಿನ ಹತ್ತು ಲಕ್ಷ ಲೀಟರ್ ಗಾಳಿಯಲ್ಲಿ ಆರ್ಗಾನ್ ಒಂಬತ್ತು ಸಾವಿರ ಲೀಟರಿಗೂ ಮೇಲೆ, ನಿಯಾನ್ ಸುಮಾರು 18 ಲೀಟರ್, ಕ್ರಿಪ್ಟಾನ್ ಒಂದು ಲೀಟರಿಗೆ ತುಸು ಹೆಚ್ಚು. ಕ್ಸೆನಾನ್ ಮಾತ್ರ 87 ಮಿಲಿಲೀಟರ್, ನಮ್ಮ ಒಂದು ಸಣ್ಣ ಲೋಟ ಕಾಫಿಯಷ್ಟು. ಬೆಂಗಳೂರಾಗಲಿ ಹೈರಿಡ್ಜ್ ಆಗಲಿ, ಈ ಪಾಲಿನಲ್ಲಿ ವ್ಯತ್ಯಾಸವಿಲ್ಲ.

ಇಷ್ಟು ಅನಿಲ ಸಂಗ್ರಹಿಸಿ ಅವುಗಳ ಗುಣಗಳನ್ನು ಅಳೆಯಲು ಟ್ರಾವರ್ಸ್ ಮತ್ತೆರಡು ವರ್ಷ ಹೆಣಗಿದರು. ಗಾಜು ಊದುವುದರಲ್ಲಿ, ಪಂಪುಗಳನ್ನು ಜೋಡಿಸುವುದರಲ್ಲಿ ಅವರ ಕೈ ಬಹಳ ಪಳಗಿತ್ತು. ನಿಯಾನನ್ನು ಶುದ್ಧಗೊಳಿಸಲು ಜಲಜನಕವನ್ನೇ ದ್ರವ ಮಾಡುವ ಯಂತ್ರವೊಂದನ್ನು ಕಾಲೇಜಿನಲ್ಲಿ ಕಟ್ಟಿದರು. ಆದರೂ ಈ ಅನಿಲಗಳು ಯಾವುದರೊಂದಿಗೂ ಕೂಡಲಿಲ್ಲ. ರಾಮ್ಸೆ ಮೊದಲೇ 1895ರಲ್ಲಿ ಆರ್ಗಾನ್‌ನ ಮಾದರಿಯೊಂದನ್ನು ಪ್ಯಾರಿಸಿನ ಮುವಾಸ್ಸಾನ್ ಅವರಿಗೆ ಕಳಿಸಿ, ಎಲ್ಲವನ್ನೂ ಸುಡುವ ಫ್ಲೋರಿನ್ ಅನಿಲದೊಂದಿಗೆ ಬೆರೆಸಿ ನೋಡಲು ಕೇಳಿದ್ದರು, ಏನೂ ಆಗಿರಲಿಲ್ಲ. ಪರಮಾಣುವಿನ ಹೊರ ಸುತ್ತಿನಲ್ಲಿ ಎಂಟು ಎಲೆಕ್ಟ್ರಾನು ತುಂಬಿಕೊಂಡವನಿಗೆ ಕೊಡುವುದೂ ಬೇಡ, ಕೊಳ್ಳುವುದೂ ಬೇಡ ಎಂಬ ವಿವರಣೆ ಆಮೇಲೆ ಬಂತು. ಜಡಾನಿಲ ಎಂಬ ಹೆಸರು ಅಂಟಿಕೊಂಡಿತು. ಸೊನ್ನೆ ಗುಂಪಿನ ಉತ್ಕರ್ಷಣ ಸಂಖ್ಯೆ ಸೊನ್ನೆ, ಅಷ್ಟೇ. ಪಾಠ ಅಲ್ಲಿಗೆ ಮುಗಿಯುತ್ತಿತ್ತು. 1904ರಲ್ಲಿ ರಾಮ್ಸೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ವರ್ಷ ಟ್ರಾವರ್ಸ್ ಅವರಿಗೆ ದೊರೆತದ್ದು ರಾಯಲ್ ಸೊಸೈಟಿಯ ಸದಸ್ಯತ್ವ ಮತ್ತು ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕ ಹುದ್ದೆ. ಬಹುಮಾನವನ್ನು ಹಂಚಬೇಕಿತ್ತೆಂದು ನಮಗೆ ಅನಿಸುತ್ತದೆ, ಆದರೆ ಟ್ರಾವರ್ಸ್ ಕೊನೆಯವರೆಗೂ ಗುರುವಿನ ಭಕ್ತರಾಗಿಯೇ ಉಳಿದರು.

ಅವರು ಬೆಂಗಳೂರಿಗೆ ಬಂದದ್ದೂ ಗುರುವಿನ ದೆಸೆಯಿಂದಲೇ. ಜಮ್‌ಷೆಟ್‌ಜಿ ಟಾಟಾ ಅವರು ತಮ್ಮ ಆಸ್ತಿಯ ದೊಡ್ಡ ಭಾಗವನ್ನು ಒಂದು ಸಂಶೋಧನಾ ವಿಶ್ವವಿದ್ಯಾಲಯಕ್ಕಾಗಿ ಮುಡಿಪಿಟ್ಟು, ಅದನ್ನು ಎಲ್ಲಿ, ಹೇಗೆ ನಿಲ್ಲಿಸಬೇಕೆಂದು ಸಲಹೆ ಕೊಡಲು ರಾಮ್ಸೆ ಅವರನ್ನು 1900ರ ಕೊನೆಯಲ್ಲಿ ಕರೆಸಿಕೊಂಡಿದ್ದರು. ದೇಶ ಸುತ್ತಿ ನೋಡಿದ ರಾಮ್ಸೆ ಬೆಂಗಳೂರೇ ಸರಿ ಎಂದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯಿಂದ ಆರಂಭವಾದ ಮಾತುಕತೆ ಫಲಿಸಿ, ಮೈಸೂರು ಸಂಸ್ಥಾನ 371 ಎಕರೆ ನೆಲವನ್ನು ಉಚಿತವಾಗಿ ಕೊಟ್ಟಿತು. ಕಟ್ಟಡಗಳಿಗೆಂದು ಐದು ಲಕ್ಷ ರೂಪಾಯಿಗಳನ್ನೂ ಕೊಟ್ಟಿತು. ಟಾಟಾ ಅವರು 1904ರಲ್ಲೇ ತೀರಿಕೊಂಡರು, ತಮ್ಮ ಕನಸಿನ ಒಂದು ಇಟ್ಟಿಗೆಯನ್ನೂ ಕಾಣಲಿಲ್ಲ. ನಿರ್ದೇಶಕರ ಹುದ್ದೆಗೆ ರಾಮ್ಸೆ ತಮ್ಮ ಶಿಷ್ಯನ ಹೆಸರು ಹೇಳಿದರು.

1906ರ ಕೊನೆಯಲ್ಲಿ ಟ್ರಾವರ್ಸ್ ಬೆಂಗಳೂರಿಗೆ ಬಂದಿಳಿದಾಗ ಶಿವನಸಮುದ್ರದ ವಿದ್ಯುತ್ತು ಊರಿನ ಬೀದಿಗಳಿಗೆ ಬಂದು ಒಂದು ವರ್ಷವಾಗಿತ್ತಷ್ಟೆ. 1898ರ ಪ್ಲೇಗಿನ ನಂತರ ಎದ್ದ ಮಲ್ಲೇಶ್ವರ ಇನ್ನೂ ಹೊಸ ಬಡಾವಣೆ. ಅದರಾಚೆ ಬರೀ ಬಯಲು. ಆ ಬಯಲಿನಲ್ಲಿ ಮೂವತ್ತನಾಲ್ಕರ ಪ್ರಾಯದ ವಿಜ್ಞಾನಿಯೊಬ್ಬರು ಎಂಜಿನಿಯರರೂ ಗುಮಾಸ್ತರೂ ಮೇಸ್ತ್ರಿಯೂ ಆಗಬೇಕಾಯಿತು. ಯಾವ ವಿಭಾಗ ಮೊದಲು, ಯಾವ ಪ್ರಾಧ್ಯಾಪಕರನ್ನು ಕರೆಸಬೇಕು, ಪ್ರಯೋಗಶಾಲೆಗೆ ನೀರು, ಅನಿಲ, ವಿದ್ಯುತ್ತು ಎಲ್ಲಿಂದ ಎಂಬುದೆಲ್ಲ ಅವರ ತಲೆಗೆ ಬಿತ್ತು. ಸರ್ಕಾರದ ಅಧಿಕೃತ ಆದೇಶ ಹೊರಟದ್ದು 1909ರ ಮೇ 27ರಂದು. 1911ರ ಫೆಬ್ರವರಿ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟರು. ಅದೇ ಜುಲೈ 24ರಂದು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಾಂತ್ರಿಕ ವಿಭಾಗಗಳಿಗೆ ಮೊದಲ ವಿದ್ಯಾರ್ಥಿಗಳು ಸೇರಿದರು.

ಪ್ರಯೋಗಶಾಲೆಗಳು ಆರಂಭವಾದ ಕೂಡಲೇ ಟ್ರಾವರ್ಸ್ ಕೈಗೆತ್ತಿಕೊಂಡ ವಿಷಯ ಬಹಳ ಸ್ವಾರಸ್ಯದ್ದು. ಬೋರಾನ್ ಎಂಬ ಧಾತು ಆವರ್ತ ಕೋಷ್ಟಕದಲ್ಲಿ ಇಂಗಾಲದ ಪಕ್ಕದ ಮನೆಯದು. ನಮ್ಮ ಮನೆಗಳಲ್ಲಿ ಬಿಳಿಗಾರ, ಬೋರಿಕ್ ಪುಡಿಗಳ ರೂಪದಲ್ಲಿ ಕ್ಯಾರಂ ಬೋರ್ಡಿನವರೆಗೂ ಬಂದಿದೆ. ಅದನ್ನು ಮೆಗ್ನೀಸಿಯಮಿನೊಂದಿಗೆ ಕೂಡಿಸಿ, ಆ ಸಂಯುಕ್ತವನ್ನು ನೀರಿಗೆ ಹಾಕಿದರೆ, ಬೋರಾನ್, ಆಮ್ಲಜನಕ, ಜಲಜನಕಗಳು ಕೂಡಿಕೊಂಡ ಒಂದು ವಿಚಿತ್ರ ದ್ರಾವಣ ಸಿಗುತ್ತದೆ. ಆಮ್ಲ ಬೆರೆಸಿದರೆ ಜಲಜನಕವನ್ನು ಬಿಡುತ್ತದೆ. ಈ ವಿಷಯದ ಮೇಲೆ ಟ್ರಾವರ್ಸ್ ಮತ್ತು ಆರ್. ಸಿ. ರೇ ಅವರ ಲೇಖನ 1912ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ರೇ ಮತ್ತು ಎನ್. ಎಂ. ಗುಪ್ತ ಅವರೊಡನೆ ಬರೆದ ಪುಸ್ತಕವೊಂದು 1916ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಸಂಸ್ಥೆಗೆ ಇನ್ನೂ ಸರಿಯಾಗಿ ಸೂರು ಹೊದಿಸುವ ಕಾಲದಲ್ಲಿಯೇ ಭಾರತೀಯ ತರುಣರ ಹೆಸರು ನಿರ್ದೇಶಕರ ಹೆಸರಿನ ಪಕ್ಕದಲ್ಲಿ ಅಚ್ಚಾದದ್ದು ಗಮನಿಸತಕ್ಕ ಸಂಗತಿ.

ಆದರೆ ಅದೃಷ್ಟ ಇಲ್ಲಿಯೂ ಅರ್ಧ ದಾರಿಗೆ ಬಂದು ನಿಂತಿತು. ಅದೇ 1912ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಸ್ಟಾಕ್ ಎಂಬವರು ಅದೇ ಮೆಗ್ನೀಸಿಯಂ ಬೋರೈಡಿಗೆ ಆಮ್ಲ ಸೇರಿಸಿ, ಗಾಳಿ ಸೋಕದ ಗಾಜಿನ ನಳಿಗೆಗಳ ಜಾಲದೊಳಗೆ, ಬೋರಾನ್ ಮತ್ತು ಜಲಜನಕ ಮಾತ್ರ ಇರುವ ಅನಿಲಗಳನ್ನು ಒಂದೊಂದಾಗಿ ಶುದ್ಧವಾಗಿ ಬಿಡಿಸತೊಡಗಿದರು. ಕೀರ್ತಿ ಅವರಿಗೆ ಹೋಯಿತು. (ಐರನ್ ಕ್ಲೋರೈಡಿನ ಹೆಸರಿನ ನಡುವೆ ರೋಮನ್ ಅಂಕಿ ಬರೆದು ಉತ್ಕರ್ಷಣ ಸಂಖ್ಯೆ ತಿಳಿಸುವ ಕ್ರಮವನ್ನು ನಮ್ಮ ಮಕ್ಕಳು ಕಲಿಯುತ್ತಾರಲ್ಲ, ಅದನ್ನು ಜಾರಿಗೆ ತಂದವರೂ ಈ ಸ್ಟಾಕ್ ಅವರೇ.) ಆ ಅನಿಲಗಳಲ್ಲಿ ಅತಿ ಚಿಕ್ಕದಾದ ಡೈಬೋರೇನಿನಲ್ಲಿ ಪರಮಾಣುಗಳನ್ನು ಕಟ್ಟಲು ಬೇಕಾದಷ್ಟು ಎಲೆಕ್ಟ್ರಾನುಗಳೇ ಇಲ್ಲ! ಹಾಗಿದ್ದೂ ಅದು ಬಿಚ್ಚಿಹೋಗದೆ ನಿಂತಿರುವುದು ಹೇಗೆಂಬ ಪ್ರಶ್ನೆ ಮೂವತ್ತು ವರ್ಷ ಕಾಡಿತು. ಇಬ್ಬರಿಗೆ ಒಂದು ಕಂಬಳಿ ಎಂಬುದು ಸಾಮಾನ್ಯ ಬಂಧದ ನಿಯಮವಾದರೆ, ಇಲ್ಲಿ ಮೂರು ಪರಮಾಣುಗಳು ಒಂದೇ ಕಂಬಳಿಯನ್ನು ಹೊದ್ದು ಮಲಗುತ್ತವೆ ಎಂಬುದನ್ನು 1943ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿ ಲಾಂಗೆಟ್ ಹಿಗಿನ್ಸ್, ತಮ್ಮ ಅಧ್ಯಾಪಕ ಬೆಲ್ ಅವರೊಂದಿಗೆ ತೋರಿಸಿಕೊಟ್ಟರು.

ಬೆಂಗಳೂರಿನಲ್ಲಿ ಟ್ರಾವರ್ಸ್ ಅವರ ದಿನಗಳು ಮಾತ್ರ ಕಹಿಯಾಗುತ್ತ ಬಂದವು. ಟಾಟಾ ಅವರ ಮೂಲ ಯೋಜನೆಯಲ್ಲಿ ವೈದ್ಯ, ತತ್ತ್ವಶಾಸ್ತ್ರ, ಶಿಕ್ಷಣ ಎಲ್ಲಕ್ಕೂ ಜಾಗವಿತ್ತು. ಟ್ರಾವರ್ಸ್ ಅವರ ನಿರ್ವಾಹಕ ಬುದ್ಧಿ ಮೊದಲು ವಿಜ್ಞಾನದ ಒಂದೆರಡು ವಿಭಾಗಗಳನ್ನು ಭದ್ರ ಮಾಡೋಣ ಎನ್ನುತ್ತಿತ್ತು. ಹಣ ಕೊಟ್ಟ ಕುಟುಂಬ ಒಂದು ಕಡೆ, ನೆಲ ಕೊಟ್ಟ ಸಂಸ್ಥಾನ ಇನ್ನೊಂದು ಕಡೆ, ನಿಯಮ ಹೇಳುವ ಸರ್ಕಾರ ಮತ್ತೊಂದು ಕಡೆ. ನಡುವೆ ಒಬ್ಬ ನಿರ್ದೇಶಕ. ಅವರ ಸ್ವಭಾವವೂ ಮೃದುವಾಗಿರಲಿಲ್ಲ. ಖರ್ಚಿನ ಬಗ್ಗೆ, ಅಧಿಕಾರದ ಬಗ್ಗೆ ಆಡಳಿತ ಮಂಡಲಿಯೊಂದಿಗೂ ಸಹೋದ್ಯೋಗಿಗಳೊಂದಿಗೂ ವಿರಸ ಬೆಳೆದು, 1914ರಲ್ಲಿ ಅವರು ರಾಜೀನಾಮೆ ಕೊಟ್ಟು ಇಂಗ್ಲೆಂಡಿಗೆ ಮರಳಿದರು. ಯಾವ ಕಡೆ ನ್ಯಾಯವಿತ್ತೆಂದು ನೂರು ವರ್ಷದ ಮೇಲೆ ತೀರ್ಪು ಕೊಡಲು ನಾವು ಯಾರು? ಸಂಘವೊಂದನ್ನು ಮೊದಲಿನಿಂದ ಕಟ್ಟಿದವರಿಗೆ ಮಾತ್ರ ಇದು ಅಪರಿಚಿತ ಕಥೆಯಲ್ಲ. ಮೊದಲ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ಕುರ್ಚಿ ಸರಿಸಿ ಎದ್ದುಹೋದವರು ನಮ್ಮಲ್ಲಿಯೂ ಇದ್ದಾರೆ, ಅವರು ಹೊಂದಿಸಿಟ್ಟ ಜಮಖಾನದ ಮೇಲೆಯೇ ನಾವು ಇಂದಿಗೂ ಕುಳಿತಿದ್ದೇವೆ.

ಊರಿಗೆ ಮರಳಿದ ವರ್ಷವೇ ಮಹಾಯುದ್ಧ. ಪ್ರಯೋಗಶಾಲೆಗೆ ಬೇಕಾದ ಗಾಜಿನ ಸಾಮಾನಿಗೆ ಇಂಗ್ಲೆಂಡು ಹೆಚ್ಚಾಗಿ ಜರ್ಮನಿಯನ್ನು ನೆಚ್ಚಿಕೊಂಡಿತ್ತು, ಅದು ನಿಂತುಹೋಯಿತು. ಗಾಜು ಬಲ್ಲ ಟ್ರಾವರ್ಸ್ ವಾಲ್ತಂಸ್ಟೋದಲ್ಲಿ ಗಾಜಿನ ಕಾರ್ಖಾನೆಯೊಂದನ್ನು ನಡೆಸಿದರು. ಯುದ್ಧದ ನಂತರ ಕುಲುಮೆ ಮತ್ತು ಇಂಧನದ ಕೆಲಸದ ಒಂದು ಕಂಪನಿ ತೆರೆದರು. 1927ರಲ್ಲಿ ಗೌರವ ಪ್ರಾಧ್ಯಾಪಕರಾಗಿ ಬ್ರಿಸ್ಟಲಿಗೆ ಹೋಗಿ, 1937ರಲ್ಲಿ ನಿವೃತ್ತರಾದರು. ಫ್ಯಾರಡೆ ಸೊಸೈಟಿಯ ಅಧ್ಯಕ್ಷತೆ, ಎರಡನೆಯ ಯುದ್ಧದಲ್ಲಿ ಸ್ಫೋಟಕಗಳ ಬಗ್ಗೆ ಸರ್ಕಾರಕ್ಕೆ ಸಲಹೆ, ಹೀಗೆ ದಿನಗಳು ಕಳೆದವು. ಗೆಳೆಯರು ಅವರಿಗೆ ವಿರಳಾನಿಲದ ಟ್ರಾವರ್ಸ್ ಎಂದೇ ಅಡ್ಡಹೆಸರಿಟ್ಟಿದ್ದರು. ಆ ಅನಿಲಗಳನ್ನು ಕಂಡುಹಿಡಿದ ಕಥೆಯನ್ನು 1928ರಲ್ಲಿಯೂ, ಗುರು ರಾಮ್ಸೆ ಅವರ ದೊಡ್ಡ ಜೀವನ ಚರಿತ್ರೆಯನ್ನು ಎಂಬತ್ತು ದಾಟಿದ ಮೇಲೆ 1956ರಲ್ಲಿಯೂ ಹೊರತಂದರು. 1961ರ ಆಗಸ್ಟ್ 25ರಂದು ಗ್ಲಾಸ್ಟರ್‌ಷೈರಿನ ಸ್ಟ್ರೌಡ್‌ನಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ಕ್ಸೆನಾನ್‌ನ ಒಂದೇ ಒಂದು ನಿಜವಾದ ಸಂಯುಕ್ತವನ್ನೂ ಅವರು ಕಾಣಲಿಲ್ಲ. ಕ್ಸೆನಾನ್ ಫ್ಲೋರಿನ್‌ನೊಂದಿಗೆ ಕೂಡಬಹುದೆಂದು ಅಮೆರಿಕದ ಲೈನಸ್ ಪಾಲಿಂಗ್ 1933ರಲ್ಲೇ ಊಹಿಸಿದ್ದರು. ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಯೋಸ್ಟ್ ಮತ್ತು ಕೇ ಪ್ರಯತ್ನಿಸಿಯೂ ನೋಡಿದ್ದರು, ಫಲಿಸಿರಲಿಲ್ಲ.

ಟ್ರಾವರ್ಸ್ ತೀರಿಕೊಂಡು ಏಳು ತಿಂಗಳು ತುಂಬುವ ಮುನ್ನ, 1962ರ ಮಾರ್ಚ್ 23ರ ಸಂಜೆ, ಕೆನಡಾದ ವ್ಯಾಂಕೂವರಿನಲ್ಲಿ ನೀಲ್ ಬಾರ್ಟ್ಲೆಟ್ ಎಂಬ ಇಂಗ್ಲಿಷ್ ತರುಣರು ಪ್ರಯೋಗಶಾಲೆಯಲ್ಲಿ ಒಬ್ಬರೇ ಇದ್ದರು. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಂಬ ಕೆಂಪು ಆವಿ ಆಮ್ಲಜನಕದಿಂದಲೇ ಎಲೆಕ್ಟ್ರಾನನ್ನು ಕಸಿದುಕೊಳ್ಳುವುದನ್ನು ಅವರು ಕಂಡಿದ್ದರು. ಆಮ್ಲಜನಕದ ಅಣುವಿನಿಂದ ಎಲೆಕ್ಟ್ರಾನು ಕೀಳಲು ಬೇಕಾಗುವ ಶಕ್ತಿಯೂ ಕ್ಸೆನಾನ್‌ನಿಂದ ಕೀಳಲು ಬೇಕಾಗುವ ಶಕ್ತಿಯೂ ಹೆಚ್ಚು ಕಡಿಮೆ ಒಂದೇ ಎಂಬುದು ಅವರಿಗೆ ಹೊಳೆಯಿತು. ಎರಡು ಅನಿಲಗಳ ನಡುವಿನ ಗಾಜಿನ ತಡೆಯನ್ನು ಒಡೆದರು. ಕೆಂಪು ಆವಿ, ಬಣ್ಣವಿಲ್ಲದ ಕ್ಸೆನಾನ್ ಕೂಡಿ ಕಣ್ಣೆದುರಿಗೇ ಹಳದಿ ಕಿತ್ತಳೆಯ ಪುಡಿಯಾಗಿ ಕುಳಿತವು! ಅದೇ ವರ್ಷ ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯವರು ನಿಕಲ್ ಪಾತ್ರೆಯಲ್ಲಿ ಕ್ಸೆನಾನನ್ನೂ ಫ್ಲೋರಿನನ್ನೂ 400 ಡಿಗ್ರಿಗೆ ಒಂದು ಗಂಟೆ ಕಾಯಿಸಿ ಬಿಳಿಯ ಹರಳುಗಳನ್ನು ಪಡೆದರು. ಇಂಥ ಸರಳ ಅಡಿಗೆಯನ್ನು ಅರುವತ್ತು ವರ್ಷ ಯಾರೂ ಸರಿಯಾಗಿ ಮಾಡಿ ನೋಡಲಿಲ್ಲವಲ್ಲ ಎಂದು ಜಗತ್ತು ಬೆರಗಾಯಿತು. ಆಗದು ಎಂಬ ಪಾಠ ಅಷ್ಟು ಗಟ್ಟಿಯಾಗಿ ಬೇರೂರಿತ್ತು.

ಸೊನ್ನೆಯೇ ಗತಿ ಎನಿಸಿಕೊಂಡಿದ್ದ ಧಾತುವಿನ ಉತ್ಕರ್ಷಣ ಸಂಖ್ಯೆ ಎರಡು, ನಾಲ್ಕು, ಆರು, ಎಂಟರವರೆಗೂ ಏರಿತು. ಒಂದು ಸಂಯುಕ್ತ ಒಣಗಿದರೆ ಸಿಡಿಯುವಂಥದ್ದು. ಕ್ಸೆನಾನ್ ಡೈಫ್ಲೋರೈಡಿನಲ್ಲಿ ಮೂರು ಪರಮಾಣುಗಳು ಒಂದೇ ಗೆರೆಯಲ್ಲಿ ನಿಂತು, ಬೇಕಾದುದಕ್ಕಿಂತ ಹೆಚ್ಚಿರುವ ಎಲೆಕ್ಟ್ರಾನುಗಳನ್ನು ಮೂವರೂ ಹಂಚಿಕೊಳ್ಳುತ್ತವೆ. ಬೋರಾನ್‌ಗೆ ಎಲೆಕ್ಟ್ರಾನಿನ ಬಡತನ, ಕ್ಸೆನಾನ್‌ಗೆ ಸಿರಿತನ. ಎರಡೂ ಕಡೆ ಮೂವರ ಹಂಚಿಕೆ. ಟ್ರಾವರ್ಸ್ ಲಂಡನ್ನಿನಲ್ಲಿ ಹಿಡಿದದ್ದು ಒಂದು ತುದಿ, ಬೆಂಗಳೂರಿನಲ್ಲಿ ಮುಟ್ಟಿದ್ದು ಇನ್ನೊಂದು ತುದಿ. ಎರಡೂ ಒಂದೇ ಹಗ್ಗದವೆಂದು ತಿಳಿಯುವ ವೇಳೆಗೆ ಅವರಿರಲಿಲ್ಲ.

ಬೆಂಗಳೂರಿನಲ್ಲಿ ಆ ಕೆಲಸದ ಎಳೆ ಮುಂದೆಯೂ ಕಾಣಿಸಿಕೊಂಡಿತು. ಬೋರಾನ್ ಪರಮಾಣುಗಳು ಪಂಜರದಂತೆ ಹೆಣೆದುಕೊಂಡಾಗ ಎಷ್ಟು ಎಲೆಕ್ಟ್ರಾನು ಬೇಕೆಂಬ ಲೆಕ್ಕಕ್ಕೆ 2001ರಲ್ಲಿ, ಹೈದರಾಬಾದಿನಲ್ಲಿದ್ದಾಗ, ಸೂತ್ರ ಕೊಟ್ಟ ಇ. ಡಿ. ಜೆಮ್ಮಿಸ್ ಅವರು ಆಮೇಲೆ ಪ್ರಾಧ್ಯಾಪಕರಾಗಿ ಬಂದದ್ದು ಟ್ರಾವರ್ಸ್ ಕಟ್ಟಿದ ಸಂಸ್ಥೆಗೇ. 2017ರ ಮೇ ತಿಂಗಳಲ್ಲಿ ಇಸ್ರೋ ಹಾರಿಸಿದ ಜಿಸ್ಯಾಟ್ 9 ಉಪಗ್ರಹದಲ್ಲಿ ಕ್ಸೆನಾನ್ ಅನಿಲವನ್ನು ವಿದ್ಯುತ್ತಿನಿಂದ ಚಿಮ್ಮಿಸಿ ಅದನ್ನು ಸ್ಥಾನದಲ್ಲಿ ನಿಲ್ಲಿಸುವ ಎಂಜಿನು ಇತ್ತು. ಇಸ್ರೋ ಕೇಂದ್ರ ಕಚೇರಿಯೂ ಬೆಂಗಳೂರೇ.

ರಜೆಗೆ ಊರಿಗೆ ಹೋಗುವವರು ಮಕ್ಕಳನ್ನು ಕಬ್ಬನ್ ಪಾರ್ಕ್, ಲಾಲ್‌ಬಾಗ್ ಸುತ್ತಿಸಿದ ಮೇಲೆ ಒಂದು ಬೆಳಗ್ಗೆ ಮಲ್ಲೇಶ್ವರದ ಕಡೆಯಿಂದ ಈ ಸಂಸ್ಥೆಯ ಕಡೆಗೂ ಹೋಗಿ ಬರಬಹುದು. ಮುಖ್ಯ ಕಟ್ಟಡದ ಗೋಪುರದ ಎದುರಿಗೆ, ಇಂಗ್ಲಿಷ್ ಶಿಲ್ಪಿ ಗಿಲ್ಬರ್ಟ್ ಬೇಯ್ಸ್ ಕೆತ್ತಿದ ಟಾಟಾ ಅವರ ಸ್ಮಾರಕವಿದೆ. ಅದು ನಿಂತದ್ದು 1922ರಲ್ಲಿ. ಮರಗಳು ಈಗ ಆಕಾಶ ಮುಟ್ಟುವಂತೆ ಬೆಳೆದಿವೆ. ಟ್ರಾವರ್ಸ್ ಬಂದಾಗ ಅಲ್ಲಿದ್ದದ್ದು ಬರೀ ಬಯಲು.